ಬೋರಿಗೆ ಬಂದ ಇಂಜಿನ್, ಘಾಟಿ ಹತ್ತಬೇಕಾದ ಲಾರಿ

‘ಇಂಜಿನ್ ಬೋರಿಗೆ ಬಂತು’ ಎಂದು ಮೇಸ್ತ್ರಿ ಹೇಳಿದ ದಿನದಿಂದ ಲಾರಿ ಮಾಲೀಕನ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಬಿಚ್ಚಿಸಿ ರಿಪೇರಿ ಮಾಡಿಸುವುದೋ, ಇಂಜಿನ್ನನ್ನೇ ಬದಲಾಯಿಸುವುದೋ, ಅಥವಾ ಬಂದಷ್ಟಕ್ಕೆ ಲಾರಿಯನ್ನೇ ಕೊಟ್ಟುಬಿಡುವುದೋ? ಮೇಲ್ನೋಟಕ್ಕೆ ಇದು ಗ್ಯಾರೇಜಿನೊಳಗಿನ ಮಾತು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಕಳೆದ ನೂರು ವರ್ಷಗಳ ಮೋಟಾರು ಸಂಚಾರವನ್ನು ಗಮನಿಸಿದರೆ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿರುವುದು ಕಾಣುತ್ತದೆ. ಆ ಉತ್ತರಗಳನ್ನು ಸವೆದ ಪಿಸ್ಟನ್ನಿಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಯುದ್ಧ, ತೈಲದ ಬೆಲೆ, ಬ್ಯಾಂಕು, ಕಾನೂನು ಮತ್ತು ಮಳೆ.

ಮೊದಲು ಈ ಊರುಗಳು ನಿಂತಿರುವ ಜಾಗವನ್ನು ನೋಡಬೇಕು. ಮಂಗಳೂರು ಬಂದರಿಗೂ ಘಟ್ಟಕ್ಕೂ ನಡುವೆ ಇರುವ ಊರುಗಳಿವು. ರಸ್ತೆಗಳಿಲ್ಲದ ಕಾಲದಲ್ಲಿ ಘಟ್ಟದಿಂದ ಇಳಿದ ಸರಕು ಬಂಟ್ವಾಳದಲ್ಲಿ ದೋಣಿ ಏರಿ ನೇತ್ರಾವತಿಯ ಮೂಲಕ ಮಂಗಳೂರು ಸೇರುತ್ತಿತ್ತು. ಲಾರಿಗಳ ಕಾಲದಲ್ಲಿ ಆ ಸ್ಥಾನ ಬಿ.ಸಿ. ರೋಡಿಗೆ, ಅಂದರೆ ಬಂಟ್ವಾಳ ಕ್ರಾಸ್ ರೋಡಿಗೆ ಬಂತು. ಹೆಸರೇ ಹೇಳುವಂತೆ ಅದೊಂದು ಕವಲು. ಒಂದು ದಾರಿ ಉಪ್ಪಿನಂಗಡಿ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಹತ್ತುತ್ತದೆ. ಇನ್ನೊಂದು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಗೆ ಹೋಗುತ್ತದೆ. ಮೂಡುಬಿದಿರೆಯ ದಾರಿ ಕಾರ್ಕಳದ ಮೂಲಕ ಕುದುರೆಮುಖ, ಶೃಂಗೇರಿಗಳ ಕಡೆಗೆ. ಮೂರರಲ್ಲಿ ಯಾವುದನ್ನು ಹಿಡಿದರೂ ಘಟ್ಟ ತಪ್ಪಿದ್ದಲ್ಲ. ಬಂಟ್ವಾಳ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದ್ದರೆ ಶಿರಾಡಿಯ ತಲೆಯ ಮೇಲಿನ ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. ಹೆಂಚು, ಮುರಕಲ್ಲು, ಮರ, ಮೀನು ಹೊತ್ತ ಲಾರಿ ಒಂದೇ ಪ್ರಯಾಣದಲ್ಲಿ ಇಷ್ಟು ಎತ್ತರಕ್ಕೆ ಏರಬೇಕು. ಬಯಲುಸೀಮೆಯಲ್ಲಿ ಇನ್ನೊಂದು ವರ್ಷ ಓಡಬಹುದಾದ ಇಂಜಿನ್ ಇಲ್ಲಿ ಮೊದಲ ತಿರುವಿನಲ್ಲೇ ಏದುಸಿರು ಬಿಡುವುದು ಇದಕ್ಕಾಗಿ.

ದಕ್ಷಿಣ ಕನ್ನಡದಲ್ಲಿ ಮೋಟಾರು ಸಂಚಾರದ ಚರಿತ್ರೆ ಬಹಳ ಹಿಂದಿನದು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, ಜನರ ಬಾಯಲ್ಲಿ ಸಿ.ಪಿ.ಸಿ., ಆರಂಭವಾದದ್ದು 1914ರಲ್ಲಿ. ಆಗಿನ ಬಸ್ಸು ಲಾರಿಗಳು ಪೆಟ್ರೋಲಿನವು. ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಬಿದ್ದಾಗ ವಾಹನಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಲಾಯಿತು. ಇದ್ದಿಲನ್ನು ಅರೆಬರೆ ಸುಟ್ಟು, ಬಂದ ಅನಿಲವನ್ನು ಶೋಧಿಸಿ ಇಂಜಿನ್ನಿಗೆ ಕೊಡುವ ಉಪಾಯವದು. ಹೊರಡುವ ಮುನ್ನ ಒಬ್ಬ ಹುಡುಗ ಗಾಳಿಚಕ್ರ ತಿರುಗಿಸುತ್ತ ನಿಲ್ಲಬೇಕಿತ್ತು. ಶಕ್ತಿಯಲ್ಲಿ ಮೂರನೇ ಒಂದು ಪಾಲಿನಷ್ಟು ಖೋತಾ. ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕಥೆಗಳು ಹಳಬರ ನೆನಪಿನಲ್ಲಿ ಉಳಿದದ್ದು ಹಾಗೆ. ಕಥೆಯಲ್ಲಿ ಬರದ ಇನ್ನೊಂದು ಸಂಗತಿ ಎಂದರೆ, ಸರಿಯಾಗಿ ಶೋಧಿಸದ ಅನಿಲದೊಂದಿಗೆ ಒಳಹೋದ ಬೂದಿ ಮತ್ತು ಡಾಂಬರು ಸಿಲಿಂಡರುಗಳನ್ನು ಮರಳುಕಾಗದದಂತೆ ತಿಕ್ಕಿಹಾಕಿದವು. ಯುದ್ಧ ಮುಗಿಯುವ ಹೊತ್ತಿಗೆ ದೇಶದ ಮೋಟಾರು ವಾಹನಗಳಲ್ಲಿ ಸವೆದ ಇಂಜಿನ್ನುಗಳಿಗೆ ಕೊರತೆಯೇನೂ ಇರಲಿಲ್ಲ.

ಯುದ್ಧಾನಂತರ ಸೈನ್ಯ ಹರಾಜು ಹಾಕಿದ ಫೋರ್ಡ್, ಷೆವ್ರೊಲೆ, ಡಾಡ್ಜ್ ಲಾರಿಗಳು ಸರಕು ಸಾಗಣೆಗೆ ಬಂದವು. ಗಟ್ಟಿ ಚಾಸಿ, ಆದರೆ ಪೆಟ್ರೋಲ್ ಕುಡಿಯುವ ಇಂಜಿನ್. ಇಲ್ಲಿ ‘ಬದಲಾಯಿಸುವುದೇ ಸರಿ’ ಎಂಬ ಉತ್ತರ ಮೊದಲ ಬಾರಿಗೆ ಗೆದ್ದಿತು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1932ರಲ್ಲಿ ಸ್ಥಾಪನೆಯಾದ ಪರ್ಕಿನ್ಸ್ ಕಂಪನಿ ಪೆಟ್ರೋಲ್ ಇಂಜಿನ್ ತೆಗೆದ ಜಾಗದಲ್ಲೇ ಕೂರುವಂಥ ಹಗುರ ಡೀಸೆಲ್ ಇಂಜಿನ್ನುಗಳನ್ನು ಮಾಡುತ್ತಿತ್ತು. ಅದರ ಆರು ಸಿಲಿಂಡರಿನ ಪಿ-6 ಭಾರತದಲ್ಲಿ ಹೆಸರುವಾಸಿಯಾಯಿತು. 1950ರ ದಶಕದಲ್ಲಿ ಮದ್ರಾಸಿನ ಸಿಂಪ್ಸನ್ ಕಂಪನಿ ಅದನ್ನು ಇಲ್ಲಿಯೇ ತಯಾರಿಸತೊಡಗಿತು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೇ ಸೇರಿದ್ದರಿಂದ ಮದ್ರಾಸು ದೂರವಾದರೂ ಪರಕೀಯವಾಗಿರಲಿಲ್ಲ. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಕಡಿಮೆ, ಒಂದು ಗ್ಯಾಲನ್ನಿಗೆ ಓಡುವ ದೂರ ಹೆಚ್ಚು. ಹಳೆಯ ಪೆಟ್ರೋಲ್ ಇಂಜಿನ್ನಿಗೆ ಹಣ ಸುರಿಯುವ ಬದಲು ಡೀಸೆಲ್ ಕೂರಿಸಿದರೆ ಇಂಧನದ ಉಳಿತಾಯದಲ್ಲೇ ಖರ್ಚು ಹುಟ್ಟುತ್ತಿತ್ತು.

ಹೀಗೆ ಬದಲಾಯಿಸುವ ಕಾಲ ಬಹಳ ದಿನ ಉಳಿಯಲಿಲ್ಲ. 1954ರಲ್ಲಿ ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಲು ಹೊರಟಿತು. ಮರು ವರ್ಷ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಬಂತು. ಡೀಸೆಲ್ ಇಂಜಿನ್ ಇನ್ನು ಮೇಲೆ ಲಾರಿಯ ಜತೆಗೇ ಹುಟ್ಟತೊಡಗಿತು. ಟಾಟಾ-ಬೆಂಜ್ ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂದರೂ ಕರಾವಳಿಯಲ್ಲಿ ಅದು ಎಷ್ಟೋ ವರ್ಷ ‘ಬೆಂಜ್ ಲಾರಿ’ಯೇ. ಟಾಟಾ ಇಂಜಿನ್ನುಗಳ ಹೆಸರಿನಲ್ಲೇ ಜಾತಕವಿದೆ. 692 ಎಂದರೆ ಆರು ಸಿಲಿಂಡರ್, ಒಂದೊಂದರ ಅಗಲ 92 ಮಿಲಿಮೀಟರ್. 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್. 1986ರಲ್ಲಿ ಬಂದ ಚಿಕ್ಕ 407 ಲಾರಿಯ 497ರಲ್ಲಿ ಸಿಲಿಂಡರ್ ನಾಲ್ಕು. ಈ ಅಗಲಕ್ಕೇ ‘ಬೋರ್’ ಎನ್ನುವುದು. ಬೋರಿಗೆ ಬರುವುದೆಂದರೆ ಸಿಲಿಂಡರನ್ನು ಮತ್ತೆ ಕೊರೆಯಬೇಕಾದ ಹಂತಕ್ಕೆ ಬರುವುದು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಅದುಮಿದಾಗ ಅದು ಕಾದು, ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಯಂತ್ರದ ಗುಟ್ಟು ಇದೇ. ಆದ್ದರಿಂದ ಪಿಸ್ಟನ್ ರಿಂಗುಗಳ ಪಕ್ಕದಿಂದ ಗಾಳಿ ಸೋರತೊಡಗಿದರೆ ಇಂಜಿನ್ನಿನ ಪ್ರಾಣವೇ ಸೋರಿದಂತೆ. ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಹೊರಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದು ‘ಬ್ಯಾಕ್ ಕಂಪ್ರೆಶನ್’. ಹೊಗೆ ಕೊಳವೆಯಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ತಪ್ಪು ನಾಝಲ್, ಪಂಪ್ ಅಥವಾ ಕಟ್ಟಿದ ಏರ್ ಫಿಲ್ಟರಿನದೂ ಇರಬಹುದು. ಕಪ್ಪು ಹೊಗೆ ಕಂಡ ಕೂಡಲೇ ಇಂಜಿನ್ ಬಿಚ್ಚಿಸಿ ಕೈಸುಟ್ಟುಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ.

ಬಿಚ್ಚಿದ ಮೇಲೆ ನಿಜ ಹೊರಬೀಳುತ್ತದೆ. ಸಿಲಿಂಡರಿನ ಮೇಲ್ಭಾಗದಲ್ಲಿ, ಮೊದಲನೆಯ ರಿಂಗ್ ತಿರುಗಿ ಇಳಿಯುವ ಕಡೆ, ಸವೆತ ಅತಿ ಹೆಚ್ಚು. ಅಲ್ಲಿ ಬೆರಳಿನ ಉಗುರು ತಾಗಿಸಿದರೆ ಮೆಟ್ಟಿಲು ಸಿಗುತ್ತದೆ. ಸವೆತ ಸಣ್ಣದಾದರೆ ಹೊಸ ರಿಂಗ್, ಬೇರಿಂಗ್ ಹಾಕಿ, ವಾಲ್ವ್ ಕೂರಿಸಿ ಮುಚ್ಚುತ್ತಾರೆ. ಇದು ‘ಹಾಫ್ ಇಂಜಿನ್’ ಕೆಲಸ. ಮೆಟ್ಟಿಲು ಆಳವಾಗಿದ್ದರೆ ಬ್ಲಾಕ್ ಬೋರಿಂಗ್ ಶಾಪಿಗೆ, ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗಿಗೆ. ಒಂದು ಸೈಜ್ ಕೊರೆದು ಅಷ್ಟೇ ದಪ್ಪದ ಪಿಸ್ಟನ್ ಹಾಕುವುದು. ಮುಂದಿನ ಸಲ ಇನ್ನೊಂದು ಸೈಜ್. ಕೊನೆಯ ಸೈಜೂ ಮುಗಿದರೆ ಒಳಗೊಂದು ಸ್ಲೀವ್ ಕೂರಿಸಿ ಮತ್ತೆ ಮೊದಲಿನ ಅಳತೆಗೇ ಬರುವುದು. ಕ್ರ್ಯಾಂಕ್ ಮಾತ್ರ ಉಲ್ಟಾ. ಪ್ರತಿ ಗ್ರೈಂಡಿಂಗಿಗೆ ಅದು ತೆಳ್ಳಗಾಗುತ್ತ ಹೋಗುತ್ತದೆ, ಬೇರಿಂಗ್ ದಪ್ಪವಾಗುತ್ತದೆ. ಹೀಗೆ ಒಂದು ಎರಕದ ಬ್ಲಾಕ್ ಎರಡು ಮೂರು ಜನ್ಮ ಎತ್ತುತ್ತದೆ. ಒಂದು ತಮಾಷೆಯ ಲೆಕ್ಕವೂ ಇದೆ. 92 ಮಿ.ಮೀ. ಬೋರನ್ನು 93ಕ್ಕೆ ಕೊರೆದರೆ ಆರು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 100 ಸಿ.ಸಿ. ಹೆಚ್ಚುತ್ತದೆ. ಆರ್.ಸಿ. ಪುಸ್ತಕದಲ್ಲಿ ಹಳೆಯ ಅಂಕಿಯೇ ಇರುತ್ತದೆ!

ಹಾಗಾದರೆ ರಿಪೇರಿ ಯಾವಾಗ ಬೇಡ? ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಕೊನೆಯ ಸೈಜ್ ದಾಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿಗೆ ತೂತು ಹೊಡೆದಿದ್ದರೆ ಮಾತೇ ಇಲ್ಲ. ಘಾಟಿಯಲ್ಲಿ ನೀರು ಖಾಲಿಯಾಗಿ ಕಾದುಹೋದ ಇಂಜಿನ್ನುಗಳಿಗೆ ಹೀಗಾಗುವುದುಂಟು. ಉಳಿದಂತೆ ಬಹಳ ವರ್ಷ ಇಲ್ಲಿನ ಉತ್ತರ ರಿಪೇರಿಯೇ ಆಗಿತ್ತು. ಕಾರಣ ಇಷ್ಟೇ: ಕೈಕೆಲಸ ಹತ್ತಿರದಲ್ಲಿತ್ತು, ಹೊಸತು ದೂರದಲ್ಲಿತ್ತು. ಲೈಸೆನ್ಸು, ಪರ್ಮಿಟ್ಟುಗಳ ಆ ದಿನಗಳಲ್ಲಿ ಹೊಸ ಲಾರಿಗೇ ಕಾಯಬೇಕಿತ್ತು, ಬಿಡಿ ಇಂಜಿನ್ ಎಲ್ಲಿಂದ ಬರಬೇಕು? 1951ರಲ್ಲಿ ಆರಂಭವಾದ, ಬೆಂಗಳೂರಿನ ಆಡುಗೋಡಿಯ ಮೈಕೊ ಡೀಸೆಲ್ ಪಂಪು, ನಾಝಲ್‌ಗಳನ್ನು ಮಾಡುತ್ತಿತ್ತು. ಲಾರಿಯ ಸ್ಪ್ರಿಂಗ್ ಪ್ಲೇಟುಗಳನ್ನು ಮಂಗಳೂರಿನ ಕೆನರಾ ವರ್ಕ್‌ಶಾಪ್ಸೇ ತಯಾರಿಸುತ್ತಿತ್ತು. ಬಿಡಿಭಾಗ ದೊರೆತರೆ ಮಿಕ್ಕದ್ದನ್ನು ಲೇತಿನವರೂ ಮೇಸ್ತ್ರಿಗಳೂ ನೋಡಿಕೊಳ್ಳುತ್ತಿದ್ದರು.

ಹಣಕ್ಕಿಂತ ದೊಡ್ಡ ಲೆಕ್ಕ ದಿನಗಳದ್ದು. ಫುಲ್ ಇಂಜಿನ್ ಕೆಲಸವೆಂದರೆ ಲಾರಿ ಹಲವು ದಿನ ಜಾಕಿನ ಮೇಲೆ. ಬಾಡಿಗೆ ಇಲ್ಲ, ಕಂತು ಮಾತ್ರ ತಪ್ಪದು. ಇಲ್ಲಿ ಕರಾವಳಿಯ ಮಳೆ ಒಂದು ರೀತಿಯಲ್ಲಿ ಉಪಕಾರಿ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮುರಕಲ್ಲು ಕೋರೆಗಳಲ್ಲಿ ನೀರು ನಿಲ್ಲುವ ದಿನಗಳೂ ಹತ್ತಿರವಾಗುತ್ತವೆ, ಮನೆ ಕಟ್ಟುವ ಕೆಲಸ ನಿಧಾನವಾಗುತ್ತದೆ. ಬಾಡಿಗೆ ಇಲ್ಲದ ಆಟಿ ತಿಂಗಳಲ್ಲಿ ಇಂಜಿನ್ ಬಿಚ್ಚಿದರೆ ನಷ್ಟ ಕಡಿಮೆ. ಜನವರಿಯಲ್ಲಿ ಕೈಕೊಟ್ಟರೆ ಮಾತ್ರ ಅದೇ ಮಾಲೀಕ ದುಬಾರಿಯಾದರೂ ಬದಲಿ ಇಂಜಿನ್ ಹುಡುಕಬೇಕಾಗುತ್ತದೆ. ಒಂದೇ ಸವೆತಕ್ಕೆ ಆಷಾಢದಲ್ಲೊಂದು ಮದ್ದು, ಪುಷ್ಯದಲ್ಲೊಂದು!

ಬದಲಿ ಇಂಜಿನ್ ಎಂದಾಗ ಬಡವನಿಗೂ ಬಲ್ಲಿದನಿಗೂ ದಾರಿ ಬೇರೆ. ಕರ್ನಾಟಕ ರಸ್ತೆ ಸಾರಿಗೆ ನಿಗಮದಂಥ ದೊಡ್ಡ ಸಂಸ್ಥೆಗೆ ಕೆಂಗೇರಿ, ಹಾಸನಗಳಲ್ಲಿ ಸ್ವಂತ ಪ್ರಾದೇಶಿಕ ಕಾರ್ಯಾಗಾರಗಳಿವೆ. ಸವೆದ ಇಂಜಿನ್ ಇಳಿಸಿ, ಮೊದಲೇ ಸಿದ್ಧವಾದ ಇನ್ನೊಂದನ್ನು ಏರಿಸಿದರೆ ಬಸ್ಸು ರಸ್ತೆಗೆ. ಇಳಿಸಿದ್ದನ್ನು ನಿಧಾನವಾಗಿ ರಿಪೇರಿ ಮಾಡಿ ಮುಂದಿನ ಬಸ್ಸಿಗೆ ಇಟ್ಟುಕೊಳ್ಳಬಹುದು. ಅಂದರೆ ಅವರು ರಿಪೇರಿಯನ್ನೂ ಮಾಡುತ್ತಾರೆ, ಬದಲಾವಣೆಯನ್ನೂ ಮಾಡುತ್ತಾರೆ. ಒಂದೇ ಲಾರಿಯ ಮಾಲೀಕನಿಗೆ ಉಳಿಯುವುದು ಗುಜರಿಯ ಇಂಜಿನ್. ಅದು ಯಾವ ಲಾರಿಯದು, ಅಪಘಾತದ್ದೋ ಕಳವಿನದೋ ಎಂಬ ಭಯ ಬೇರೆ.

ಈ ವ್ಯತ್ಯಾಸವನ್ನು ಕಾನೂನೂ ಒಪ್ಪಿಕೊಂಡಿದೆ. ಇಂಜಿನ್ ನಂಬರು, ಚಾಸಿ ನಂಬರು ಎರಡೂ ಆರ್.ಸಿ.ಯಲ್ಲಿ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದಲ್ಲಿ ಮನಬಂದಂತೆ ಬದಲಾವಣೆ ಮಾಡುವುದನ್ನು ತಡೆಯುತ್ತದೆ. ಆದರೆ ಕನಿಷ್ಠ 10 ಸಾರಿಗೆ ವಾಹನಗಳಿರುವವರಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಇಂಜಿನ್ ಹಾಕಿಕೊಳ್ಳಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ ಎಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಒಂಬತ್ತು ಲಾರಿಗಳವನಿಗೆ ಈ ಭಾಗ್ಯವಿಲ್ಲ. ಒಂದರವನ ಮಾತಂತೂ ಬಿಡಿ. ರಿಪೇರಿಯ ಪಕ್ಷಪಾತಿಗಳಾಗಿ ಸಣ್ಣ ಮಾಲೀಕರು ಉಳಿದದ್ದರಲ್ಲಿ ಜಿಪುಣತನಕ್ಕಿಂತ ಕಾಗದಪತ್ರದ ಅಂಜಿಕೆಯ ಪಾಲೂ ಸಾಕಷ್ಟಿದೆ.

ಇಷ್ಟು ಮಂದಿ ಸಣ್ಣ ಮಾಲೀಕರು ಹುಟ್ಟಿಕೊಂಡದ್ದರಲ್ಲಿ ಬ್ಯಾಂಕುಗಳ ಕೈವಾಡವಿದೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ ಜಿಲ್ಲೆಯಿದು. 1969ರ ರಾಷ್ಟ್ರೀಕರಣದ ನಂತರ ಸಣ್ಣ ಸಾರಿಗೆ ಉದ್ಯಮಿಗಳು ಆದ್ಯತಾ ವಲಯಕ್ಕೆ ಸೇರಿದರು. ನಿನ್ನೆಯ ಡ್ರೈವರ್ ಇಂದು ಮಾಲೀಕನಾಗಲು ದಾರಿಯಾಯಿತು. ಆದರೆ ಹೊಸ ಲಾರಿಗೆ ಸಾಲ ಸಿಗುವಷ್ಟು ಸಲೀಸಾಗಿ ಹಳೆಯ ಲಾರಿಯ ಇಂಜಿನ್ ಕೆಲಸಕ್ಕೆ ಸಿಗುವುದಿಲ್ಲ. ಹೆಂಡತಿಯ ಬಳೆ ಅಡವಿಗೆ ಹೋಗುವುದು ಆಗ.

2000ದ ನಂತರ ಲೆಕ್ಕ ಇನ್ನೊಮ್ಮೆ ತಿರುಗಿತು. ಹೊಗೆಯ ನಿಯಮಗಳು ಹಂತಹಂತವಾಗಿ ಬಿಗಿಯಾದವು. ಬಿ.ಎಸ್.-4 ದೇಶಾದ್ಯಂತ 2017ರ ಏಪ್ರಿಲ್‌ನಲ್ಲಿ, ಬಿ.ಎಸ್.-6 2020ರ ಏಪ್ರಿಲ್‌ನಲ್ಲಿ ಬಂದವು. ಈಗಿನ ಇಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಒತ್ತಡ ಹಳೆಯ ಪಂಪಿನ ಹಲವು ಪಟ್ಟು. ಎಷ್ಟು, ಯಾವಾಗ ಎಂದು ಹೇಳುವುದು ಕಂಪ್ಯೂಟರು. ಹೊಗೆ ಶುದ್ಧಿಗೆ ಯೂರಿಯಾ ದ್ರಾವಣದ ಟ್ಯಾಂಕು ಬೇರೆ. ಪಿಸ್ಟನ್ನು, ರಿಂಗು, ಕ್ರ್ಯಾಂಕುಗಳು ಇಂದಿಗೂ ಇವೆ, ಸವೆಯುತ್ತವೆ ಕೂಡ. ಆದರೆ ಕಿವಿಗೊಟ್ಟು ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಗೆ ಈಗ ಸ್ಕ್ಯಾನರ್ ಬೇಕು. ಅದಿಲ್ಲದಿದ್ದರೆ ಲಾರಿ ಕಂಪನಿಯ ಸರ್ವಿಸ್ ಸ್ಟೇಷನ್ನಿಗೇ ಹೋಗಬೇಕು. ಅತ್ತ 2021ರ ಗುಜರಿ ನೀತಿಯ ನಂತರ 15 ವರ್ಷ ದಾಟಿದ ಲಾರಿಗೆ ಎಫ್.ಸಿ. ಶುಲ್ಕವೂ ಏರಿತು. ಹಳೆಯ 697ಕ್ಕೆ ಮೂರನೆಯ ಬಾರಿ ಸ್ಲೀವ್ ಹಾಕಿಸುವವನು ಇಂಜಿನ್ನಿನ ಆಯುಸ್ಸಿನ ಜತೆಗೆ ಎಫ್.ಸಿ.ಯ ಆಯುಸ್ಸನ್ನೂ ನೋಡಬೇಕಾಯಿತು. ಚಾರ್ಮಾಡಿ 2019ರ ಆಗಸ್ಟ್ ಮಳೆಗೆ ಕುಸಿದು ಭಾರೀ ವಾಹನಗಳಿಗೆ ನಿರ್ಬಂಧ ಬಂದಾಗ ಬೆಳ್ತಂಗಡಿ ಕಡೆಯ ಲಾರಿಗಳಿಗೆ ಶಿರಾಡಿಯ ಸುತ್ತುದಾರಿಯ ಡೀಸೆಲ್ ಖರ್ಚೂ ಸೇರಿಕೊಂಡಿತು.

ಬೆಳ್ತಂಗಡಿ ತಾಲೂಕಿನಲ್ಲೇ, ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ, ಈ ಪ್ರಶ್ನೆಗೆ ತೀರ ಬೇರೆಯದೇ ಉತ್ತರವಿದೆ. ಅಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳಂಥವಕ್ಕೆ ಮೂಲ ಇಂಜಿನ್ ಇದ್ದರೇ ಬೆಲೆ. ಬದಲಾಯಿಸಿದರೆ ಮರ್ಯಾದೆ ಹೋಯಿತು. ದುಡಿಯುವ ಲಾರಿಗೆ ಅಂಥ ಹಟವಿಲ್ಲ. ಲಾರಿ ಗುಜರಿಗೆ ಹೋದ ಮೇಲೂ ಇಂಜಿನ್ ಚೆನ್ನಾಗಿದ್ದರೆ ಅದಕ್ಕೆ ಗಿರಾಕಿ ಇರುತ್ತಾನೆ. ಶಿರಾಡಿಯ ಏರಿನಲ್ಲಿ ಏದುತ್ತಿದ್ದ ಲೇಲ್ಯಾಂಡಿನ ಆರು ಸಿಲಿಂಡರಿನ ಜಾತಿಯೇ ಕರಾವಳಿಯ ಟ್ರಾಲ್ ಬೋಟುಗಳ ಹೊಟ್ಟೆಯಲ್ಲೂ ಕೂತು, ರೇಡಿಯೇಟರಿನ ಹಂಗಿಲ್ಲದೆ ಕಡಲ ನೀರಿನಿಂದಲೇ ತಂಪಾಗುತ್ತ ಮೀನಿಗೆ ಹೋಗಿಬರುತ್ತದೆ.