ಎಲ್ಲರಿಗೂ ಬಹುವಚನ

ಬಸ್ಸಿನಲ್ಲಿ ಚಿಲ್ಲರೆಗಾಗಿ ನಡೆಯುವ ಜಗಳವಿರಲಿ, ನಗರಸಭೆಯಲ್ಲಿ ಸದಸ್ಯರ ನಡುವಿನ ಜಟಾಪಟಿಯಿರಲಿ, ಒಂದು ಹಂತದಲ್ಲಿ ಯಾರಾದರೊಬ್ಬರು ‘ಏಕವಚನದಲ್ಲಿ ಮಾತನಾಡಬೇಡಿ’ ಎಂದು ಗುಡುಗುವುದುಂಟು. ಅಲ್ಲಿಗೆ ಚಿಲ್ಲರೆಯ ವಿಷಯ, ಚರಂಡಿಯ ವಿಷಯ ಎಲ್ಲವೂ ಹಿಂದೆ ಸರಿದು, ‘ನೀನು’ ಎಂದದ್ದೇ ದೊಡ್ಡ ಅಪರಾಧವಾಗಿ ನಿಲ್ಲುತ್ತದೆ. ವ್ಯಾಕರಣ ಪುಸ್ತಕದ ಪಾರಿಭಾಷಿಕ ಪದವೊಂದು ಬೀದಿ ಜಗಳದಲ್ಲಿ ಇಷ್ಟು ಸಲೀಸಾಗಿ ಬಳಕೆಯಾಗುವುದು ಬೇರೆಡೆ ಅಪರೂಪವೇ. ಕನ್ನಡಿಗರಿಗೆ ವಚನವೆಂದರೆ ಬರೀ ಸಂಖ್ಯೆಯಲ್ಲ, ಮರ್ಯಾದೆ ಕೂಡ.

ಇಂತಹ ಮನೆಯಿಂದ ಶಾಲೆಗೆ ಹೋಗಿ ಇಂಗ್ಲಿಷ್ ಕಲಿಯುವ ಮಗುವಿಗೆ ‘ಯೂ’ ಎಂಬ ಪುಟ್ಟ ಪದ ಸೋಜಿಗ ಉಂಟುಮಾಡುತ್ತದೆ. ತಮ್ಮನಿಗೂ ‘ಯೂ’, ಮೇಷ್ಟರಿಗೂ ‘ಯೂ’. ಮನೆಯ ನಾಯಿಗೂ ಅದೇ, ಊರಿಗೆ ಬಂದ ಮಂತ್ರಿಗೂ ಅದೇ. ಎದುರಿಗೆ ಒಬ್ಬರಿದ್ದರೂ ನೂರು ಜನರಿದ್ದರೂ ಪದ ಬದಲಾಗುವುದಿಲ್ಲ. ಇಂಗ್ಲಿಷರಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ, ಅವರ ಭಾಷೆಯಲ್ಲಿ ಮರ್ಯಾದೆಗೆ ಜಾಗವಿಲ್ಲ ಎಂಬ ಮಾತು ಹುಟ್ಟಿದ್ದೂ ಇದರಿಂದಲೇ.

ಆದರೆ ಚರಿತ್ರೆ ಹೇಳುವುದು ಇದಕ್ಕೆ ತದ್ವಿರುದ್ಧವಾದ ಕಥೆಯನ್ನು. ‘ಯೂ’ ಎಂಬುದು ‘ನೀನು’ ಅಲ್ಲ, ‘ನೀವು’. ಇಂಗ್ಲಿಷ್ ಕಳೆದುಕೊಂಡದ್ದು ಬಹುವಚನವನ್ನಲ್ಲ, ಏಕವಚನವನ್ನು. ಒಂದು ಕಾಲದಲ್ಲಿ ಆ ಭಾಷೆಯಲ್ಲೂ ‘ನೀನು’ ಇತ್ತು, ಅದಕ್ಕಾಗಿ ಜಗಳಗಳಾಗಿದ್ದವು, ಮಕ್ಕಳು ಏಟು ತಿಂದಿದ್ದರು.

ನಾಲ್ಕು ರೂಪ, ಉಳಿದದ್ದು ಒಂದು

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಎದುರಿಗಿರುವವರನ್ನು ಸೂಚಿಸಲು ನಾಲ್ಕು ಮುಖ್ಯ ರೂಪಗಳಿದ್ದವು. ‘ನೀನು’ ಎನ್ನಲು ‘ಥೂ’, ‘ನಿನ್ನನ್ನು’ ಎನ್ನಲು ‘ಥೇ’, ‘ನೀವು’ ಎನ್ನಲು ‘ಯೇ’, ‘ನಿಮ್ಮನ್ನು’ ಎನ್ನಲು ‘ಏಓವ್’. ಕನ್ನಡಿಗರ ಕಿವಿಗೆ ಬೈಗುಳದಂತೆ ಕೇಳಿಸುವ ಆ ‘ಥೂ’ ನಿಜಕ್ಕೂ ಸಂಸ್ಕೃತದ ‘ತ್ವಂ’, ಹಿಂದಿಯ ‘ತೂ’, ಲ್ಯಾಟಿನ್ನಿನ ‘ತು’ ಪದಗಳ ಬಂಧು. ‘ಯೇ’ ಎಂಬುದಕ್ಕೆ ಸಂಸ್ಕೃತದ ‘ಯೂಯಂ’ ನಂಟು. ಇವೆಲ್ಲ ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಕುಡಿಗಳು.

ಕಾಲಕ್ರಮದಲ್ಲಿ ‘ಥೂ’ ಹೋಗಿ ‘ದೌ’ ಆಯಿತು, ‘ಥೇ’ ಹೋಗಿ ‘ದೀ’ ಆಯಿತು, ‘ಯೇ’ ಹೋಗಿ ‘ಯೀ’ ಆಯಿತು. ‘ಏಓವ್’ ಎಂಬುದೇ ಇಂದಿನ ‘ಯೂ’. ಅಂದರೆ ‘ಯೂ’ ಹುಟ್ಟಿದ್ದು ‘ನೀವು’ ಆಗಿಯೂ ಅಲ್ಲ, ‘ನಿಮ್ಮನ್ನು’ ಆಗಿ. ಹದಿನಾರನೆಯ ಶತಮಾನದ ಹೊತ್ತಿಗೆ ಅದು ‘ಯೀ’ಯ ಜಾಗವನ್ನೂ ಆಕ್ರಮಿಸಿ ವಾಕ್ಯದ ಕರ್ತೃವಿನ ಪೀಠದಲ್ಲಿ ಕುಳಿತಿತು.

ಕ್ರಿಯಾಪದದಲ್ಲೂ ಈ ಭೇದ ಕಾಣುತ್ತಿತ್ತು. ಕನ್ನಡದಲ್ಲಿ ‘ನೀನು ಬಂದೆ’, ‘ನೀವು ಬಂದಿರಿ’ ಎನ್ನುವಂತೆ ಅಲ್ಲಿ ‘ದೌ ಆರ್ಟ್’, ‘ಯೂ ಆರ್’ ಎಂದಿತ್ತು. ಇಂದಿಗೂ ಒಬ್ಬನೇ ಗೆಳೆಯನಿಗೆ ‘ಯೂ ಆರ್’ ಎನ್ನುತ್ತಾರೆಯೇ ಹೊರತು ‘ಯೂ ಈಸ್’ ಎನ್ನುವುದಿಲ್ಲ. ಏಕೆ ಎಂದು ಮಗು ಕೇಳಿದರೆ ‘ಅದು ಹಾಗೆಯೇ’ ಎಂಬ ಉತ್ತರ ಸಿಗುತ್ತದೆ. ‘ಯೂ’ ಮೂಲತಃ ಬಹುವಚನವಾದ್ದರಿಂದ ಕ್ರಿಯಾಪದವೂ ಬಹುವಚನದ್ದೇ ಎಂಬುದು ಸರಿಯಾದ ಉತ್ತರ.

ಮರ್ಯಾದೆ ಬಂದ ದಾರಿ

ಹಳೆಯ ಇಂಗ್ಲಿಷಿನಲ್ಲಿ ಈ ಪದಗಳಿಗೆ ಸಂಖ್ಯೆಯ ಅರ್ಥ ಮಾತ್ರ ಇತ್ತು. ರಾಜನಾದರೂ ಕುರಿ ಕಾಯುವವನಾದರೂ ಒಬ್ಬನೇ ಇದ್ದರೆ ‘ಥೂ’. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಭಾಷೆ ಫ್ರೆಂಚ್ ಆಯಿತು. ಫ್ರೆಂಚಿನಲ್ಲಿ ಆಪ್ತರಿಗೆ, ಕೆಳಗಿನವರಿಗೆ ‘ತು’ ಎಂದೂ ಗೌರವಕ್ಕೆ ‘ವೂ’ ಎಂದೂ ಎರಡು ಬಗೆಯ ಸಂಬೋಧನೆ ಇತ್ತು. ಹದಿಮೂರನೆಯ ಶತಮಾನದಿಂದೀಚೆಗೆ ಈ ಪದ್ಧತಿ ಇಂಗ್ಲಿಷಿಗೂ ಇಳಿಯಿತು. ಒಬ್ಬರೇ ಇದ್ದರೂ ದೊಡ್ಡವರಾದರೆ ‘ಯೀ’ ಅಥವಾ ‘ಯೂ’, ಸೇವಕರಿಗೆ, ಮಕ್ಕಳಿಗೆ, ಆಪ್ತರಿಗೆ ‘ದೌ’.

ಒಬ್ಬ ವ್ಯಕ್ತಿಯನ್ನು ಬಹುವಚನದಲ್ಲಿ ಗೌರವಿಸುವ ಈ ರೂಢಿ ಯುರೋಪಿನಲ್ಲಿ ಎಲ್ಲಿಂದ ಬಂತು? ಅಮೆರಿಕದ ವಿದ್ವಾಂಸರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದರ ಮೂಲವನ್ನು ನಾಲ್ಕನೆಯ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ಹುಡುಕಿದರು. ಆಗ ಸಾಮ್ರಾಜ್ಯಕ್ಕೆ ಪೂರ್ವದಲ್ಲೊಬ್ಬ, ಪಶ್ಚಿಮದಲ್ಲೊಬ್ಬ ಹೀಗೆ ಚಕ್ರವರ್ತಿಗಳಿದ್ದು, ಒಬ್ಬರಿಗೆ ಹೇಳಿದ ಮಾತು ಇಬ್ಬರಿಗೂ ಸಲ್ಲುತ್ತಿದ್ದುದರಿಂದ ಬಹುವಚನ ಬಂದಿರಬಹುದೆಂಬುದು ಅವರು ನೀಡಿದ ವಿವರಣೆಗಳಲ್ಲೊಂದು. ಮೇಲಿನವರು ಕೆಳಗಿನವರಿಗೆ ಏಕವಚನ ಕೊಟ್ಟು ಬಹುವಚನ ಪಡೆಯುವುದನ್ನು ಅವರು ಅಧಿಕಾರದ ಸಂಬಂಧವೆಂದರು. ಸಮಾನರು ಪರಸ್ಪರ ಒಂದೇ ಪದ ಬಳಸುವುದನ್ನು ಒಗ್ಗಟ್ಟಿನ ಸಂಬಂಧವೆಂದರು.

ಷೇಕ್ಸ್‌ಪಿಯರನ ಕಾಲಕ್ಕೆ ‘ದೌ’ ಪ್ರೀತಿಯ ಪದವೂ ಆಗಿತ್ತು, ಅವಮಾನದ ಆಯುಧವೂ ಆಗಿತ್ತು. ಅವನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಎದುರಾಳಿಗೆ ಸವಾಲಿನ ಪತ್ರ ಬರೆಯಹೊರಟ ಗೆಳೆಯನಿಗೆ ಸರ್ ಟೋಬಿ ಒಂದು ಉಪಾಯ ಹೇಳಿಕೊಡುತ್ತಾನೆ: ಎರಡು ಮೂರು ಸಲ ಅವನನ್ನು ಏಕವಚನದಲ್ಲಿ ಕರೆದುಬಿಟ್ಟರೆ ತಪ್ಪೇನಾಗದು.

ನಾಟಕದಲ್ಲಿ ನಗೆ ತರಿಸುವ ಈ ಮಾತು ನ್ಯಾಯಾಲಯದಲ್ಲಿ ಕಠೋರವಾಗಿ ಕೇಳಿಸಿತ್ತು. 1603ರ ನವೆಂಬರ್‌ನಲ್ಲಿ ವಿಂಚೆಸ್ಟರ್‌ನಲ್ಲಿ ಸರ್ ವಾಲ್ಟರ್ ರಾಲೆಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಮೆರೆದಿದ್ದ ಆ ಸರದಾರನ ಎದುರು ನಿಂತ ಅಟಾರ್ನಿ ಜನರಲ್ ಸರ್ ಎಡ್ವರ್ಡ್ ಕೋಕ್, ‘ದೌ’ ಎಂಬುದನ್ನೇ ಕ್ರಿಯಾಪದ ಮಾಡಿಕೊಂಡು, ದ್ರೋಹಿಯಾದ ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ ಎಂಬರ್ಥದಲ್ಲಿ ಅಬ್ಬರಿಸಿದ. ರಾಲೆಗೆ ಮರಣದಂಡನೆ ವಿಧಿಸಲಾಯಿತು, ಅದು ಜಾರಿಯಾದದ್ದು 1618ರಲ್ಲಿ. ಆದರೆ ಅವನ ಪದವಿ ಪ್ರತಿಷ್ಠೆಗಳು ಕೋಕ್‌ನ ಬಾಯಲ್ಲಿ ಅಂದೇ ಕಳಚಿಬಿದ್ದಿದ್ದವು.

ಏಟು ತಿಂದವರು

ಅವಮಾನಕ್ಕೆಂದು ‘ದೌ’ ಬಳಸಿದವರ ನಡುವೆ, ಸಮಾನತೆಗೆಂದು ಅದನ್ನು ಬಳಸಿದವರೂ ಹುಟ್ಟಿಕೊಂಡರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಜಾರ್ಜ್ ಫಾಕ್ಸ್ ಆರಂಭಿಸಿದ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಒಂದೇ ಎಂದು ನಂಬಿದವರು. ಅವರು ಯಾರ ಎದುರೂ ಟೋಪಿ ತೆಗೆಯುತ್ತಿರಲಿಲ್ಲ. ಬಡವನಿಗೊಂದು, ಬಲ್ಲಿದನಿಗೊಂದು ಸಂಬೋಧನೆ ಸಲ್ಲದೆಂದು ನ್ಯಾಯಾಧೀಶರಿಗೂ ‘ದೌ’ ಎಂದೇ ಹೇಳುತ್ತಿದ್ದರು. ಒಬ್ಬನನ್ನು ಬಹುವಚನದಲ್ಲಿ ಕರೆಯುವುದು ಸುಳ್ಳಾಡಿದಂತೆ ಎಂಬುದು ಅವರ ಇನ್ನೊಂದು ವಾದ. ಇದನ್ನು ಸಾಧಿಸಲು ಫಾಕ್ಸ್ ಮತ್ತು ಇಬ್ಬರು ಸಂಗಡಿಗರು ಹಲವು ಭಾಷೆಗಳ ಏಕವಚನ ಬಹುವಚನಗಳ ಉದಾಹರಣೆ ಕೊಟ್ಟು 1660ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು.

ಕ್ವೇಕರರು ಜೈಲು ಸೇರಿದ್ದಕ್ಕೆ ಪ್ರಮಾಣವಚನ ಸ್ವೀಕರಿಸದಿದ್ದದ್ದು, ಚರ್ಚಿನ ತೆರಿಗೆ ಕೊಡದಿದ್ದದ್ದು, ನಿಷೇಧವಿದ್ದರೂ ಸಭೆ ಸೇರಿದ್ದು ಮುಖ್ಯ ಕಾರಣಗಳು. ಆದರೆ ಅಧಿಕಾರಿಗಳ ಸಿಟ್ಟನ್ನು ಕೆರಳಿಸುವಲ್ಲಿ ಈ ಏಕವಚನದ ಪಾಲೂ ಇತ್ತು.

ಮನೆಯೊಳಗೆ ಇದು ಇನ್ನೂ ನೋವಿನ ವಿಷಯ. ಆಕ್ಸ್‌ಫರ್ಡ್‌ಶೈರ್‌ನ ಕ್ರೋವೆಲ್‌ನ ಥಾಮಸ್ ಎಲ್‌ವುಡ್ ಇಪ್ಪತ್ತರ ಹರೆಯದಲ್ಲಿ ಕ್ವೇಕರ್ ಆದ. ಅವನ ತಂದೆ ಊರಿನ ಗಣ್ಯ ಜಮೀನುದಾರ. ಮಗ ತನ್ನೆದುರು ಟೋಪಿ ತೆಗೆಯಲಿಲ್ಲವೆಂದು ತಂದೆ ಅವನ ಟೋಪಿಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ. ಟೋಪಿಯ ತಕರಾರು ಮುಗಿದರೂ ನಾಲಿಗೆಯ ತಕರಾರು ಉಳಿಯಿತು. ಅಪ್ಪನೊಡನೆ ಮಾತನಾಡಲೇಬೇಕಾದಾಗ ಮಗ ‘ದೌ’ ಎನ್ನುತ್ತಿದ್ದ, ಅಪ್ಪ ಮುಷ್ಟಿಯಿಂದ ಗುದ್ದುತ್ತಿದ್ದ. ಬರಿದಲೆಯಲ್ಲಿ ಹೊರಗೆ ಹೋಗಲಾಗದೆ ಮಗ ಆ ಚಳಿಗಾಲವನ್ನು ಮನೆಯಲ್ಲೇ ಕಳೆದ. ಮುಂದೆ ಕುರುಡನಾಗಿದ್ದ ಮಹಾಕವಿ ಮಿಲ್ಟನ್‌ಗೆ ಪುಸ್ತಕ ಓದಿ ಹೇಳುವ ಕೆಲಸ ಮಾಡಿದ ಈ ಎಲ್‌ವುಡ್, ಇದನ್ನೆಲ್ಲ ಬರೆದಿಟ್ಟ. ಅವನ ಆತ್ಮಕಥೆ ಅವನು ತೀರಿಕೊಂಡ ಮೇಲೆ, 1714ರಲ್ಲಿ ಪ್ರಕಟವಾಯಿತು.

ಅಮೆರಿಕದಲ್ಲಿ ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದ ವಿಲಿಯಂ ಪೆನ್ ಕೂಡ ಕ್ವೇಕರ್. ನೌಕಾಪಡೆಯ ಅಡ್ಮಿರಲ್ ಆಗಿದ್ದ ಅವನ ತಂದೆ ಕೊನೆಗೆ ರಾಜಿಯ ದಾರಿ ಹಿಡಿದನಂತೆ: ಜಗತ್ತಿನಲ್ಲಿ ಯಾರನ್ನು ಬೇಕಾದರೂ ಏಕವಚನದಲ್ಲಿ ಕರೆ, ಆದರೆ ರಾಜ, ರಾಜನ ತಮ್ಮ ಮತ್ತು ನಾನು, ಈ ಮೂವರನ್ನು ಬಿಟ್ಟುಬಿಡು!

ಗೆದ್ದದ್ದು ‘ಯೂ’

ಎಲ್ಲರನ್ನೂ ಒಂದೇ ಪದದಿಂದ ಕರೆಯಬೇಕೆಂಬ ಕ್ವೇಕರರ ಆಸೆ ಈಡೇರಿತು, ಆದರೆ ಅವರು ಬಯಸಿದ ಪದದಿಂದ ಅಲ್ಲ. ಪಟ್ಟಣಗಳು ಬೆಳೆದವು, ವ್ಯಾಪಾರದಿಂದ ಹಣ ಮಾಡಿದ ಹೊಸ ವರ್ಗ ತಲೆಯೆತ್ತಿತು. ಬೀದಿಯಲ್ಲಿ ಎದುರಾದವನ ಅಂತಸ್ತು ಇಂಥದೇ ಎಂದು ಹೇಳುವುದು ಕಷ್ಟವಾಯಿತು. ಗುರುತಿಲ್ಲದವರೊಡನೆ ‘ನೀವು’ ಎಂದರೆ ನಷ್ಟವಿಲ್ಲ, ‘ನೀನು’ ಎಂದರೆ ಅಪಾಯ ಎಂಬುದು ಕನ್ನಡಿಗರಿಗೆ ವಿವರಿಸಬೇಕಾದ ಸಂಗತಿಯಲ್ಲ. ಹೀಗೆ ‘ಯೂ’ ಹಬ್ಬುತ್ತಾ ಹೋಗಿ, ಸೇವಕರಿಗೂ ಮಕ್ಕಳಿಗೂ ದೊರಕಿತು. ಕ್ವೇಕರರ ಗುರುತಾಗಿಬಿಟ್ಟ ‘ದೌ’ ಪದವನ್ನು ಉಳಿದವರು ಇನ್ನಷ್ಟು ದೂರವಿಟ್ಟರೆಂಬ ವಾದವೂ ಇದೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಶಿಷ್ಟ ಇಂಗ್ಲಿಷಿನ ದಿನಬಳಕೆಯಿಂದ ‘ದೌ’ ಮರೆಯಾಯಿತು. ಯಾರ್ಕ್‌ಶೈರ್ ಮೊದಲಾದ ಉತ್ತರದ ಸೀಮೆಗಳ ಆಡುಮಾತಿನಲ್ಲಿ ಮಾತ್ರ ‘ದಾ’ ಎಂಬ ರೂಪದಲ್ಲಿ ಬಹುಕಾಲ ಬದುಕಿತು.

ಒಂದೇ ಪದ ಎರಡು ಕೆಲಸ ಮಾಡತೊಡಗಿದಾಗ ಹೊಸ ತೊಡಕುಗಳು ಹುಟ್ಟಿದವು. ಒಬ್ಬನೊಡನೆ ಮಾತನಾಡುವಾಗ ‘ಯೂ ವಾಸ್’, ಹಲವರೊಡನೆ ‘ಯೂ ವರ್’ ಎನ್ನುವ ರೂಢಿ ಹದಿನೆಂಟನೆಯ ಶತಮಾನದಲ್ಲಿ ಓದುಬರಹ ಬಲ್ಲವರಲ್ಲೂ ಕಾಣಿಸಿಕೊಂಡಿತು. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್ ಇದನ್ನು ದೊಡ್ಡ ತಪ್ಪೆಂದು ಖಂಡಿಸಿದ. ವ್ಯಾಕರಣಕಾರರೇ ಗೆದ್ದರು. ಆದರೆ ಒಬ್ಬರೋ ಹಲವರೋ ಎಂದು ತಿಳಿಸುವ ಅಗತ್ಯ ಹೋಗಲಿಲ್ಲ. ಅಮೆರಿಕದ ದಕ್ಷಿಣದವರು ‘ಯೂ ಆಲ್’ ಎಂಬುದನ್ನು ಒತ್ತಿ ‘ಯಾಲ್’ ಮಾಡಿಕೊಂಡರು. ಐರ್ಲೆಂಡ್, ಲಿವರ್‌ಪೂಲ್‌ಗಳಲ್ಲಿ ‘ಯೂಸ್’ ಬಂತು. ಉಳಿದೆಡೆ ‘ಯೂ ಗೈಸ್’, ‘ಯೂ ಲಾಟ್’ ಎನ್ನುವವರಿದ್ದಾರೆ. ‘ನೀವು’ ಎಂಬುದು ‘ನೀನು’ ಆದ ಮೇಲೆ ಜನ ಇನ್ನೊಂದು ‘ನೀವು’ ಕಟ್ಟಿಕೊಂಡರು.

ಇದರ ಜೊತೆಗೆ ‘ಯೂ’ಗೆ ಮೂರನೆಯ ಕೆಲಸವೂ ಉಂಟು. ‘ಯೂ ನೆವರ್ ನೋ’ ಎಂದಾಗ ಅಲ್ಲಿ ಎದುರಿಗಿರುವವರ ಪ್ರಸ್ತಾಪವೇ ಇಲ್ಲ, ಯಾರಿಗೂ ಹೇಳಲು ಬಾರದು ಎಂದಷ್ಟೇ ಅರ್ಥ. ಇಂತಹ ವಾಕ್ಯಗಳನ್ನು ‘ನೀವು’ ಹಾಕಿ ಕನ್ನಡಕ್ಕೆ ತಂದಾಗ ಓದುಗ ತನಗೇ ಬುದ್ಧಿ ಹೇಳುತ್ತಿದ್ದಾರೆಂದು ಮುಖ ಸಿಂಡರಿಸುವುದುಂಟು.

ತಲೆಕೆಳಗಾದ ಅರ್ಥ

ಸತ್ತ ಪದಗಳಿಗೆ ಸತ್ತವರಿಗೆ ಸಿಗುವಂತಹ ಗೌರವ ಸಿಗುತ್ತದೆ. 1611ರ ಜೇಮ್ಸ್ ದೊರೆಯ ಬೈಬಲ್ ಭಾಷಾಂತರದಲ್ಲಿ ದೇವರು, ರಾಜ, ಆಳು ಯಾರಾದರೂ ಒಬ್ಬರಾದರೆ ‘ದೌ’. ಮೂಲ ಭಾಷೆಗಳಲ್ಲಿದ್ದ ಏಕವಚನ ಬಹುವಚನಗಳ ಭೇದವನ್ನು ಉಳಿಸಿಕೊಂಡದ್ದರ ಫಲ ಅದು. ಮುಂದೆ ‘ದೌ’ ಪ್ರಾರ್ಥನೆಯಲ್ಲೂ ಹಳೆಯ ಕಾವ್ಯದಲ್ಲೂ ಮಾತ್ರ ಕೇಳಿಬರತೊಡಗಿದಾಗ ಅದು ‘ಯೂ’ಗಿಂತ ಘನವಾದ, ಭಯಭಕ್ತಿಯ ಪದವೆಂಬ ಭಾವನೆ ಇಂಗ್ಲಿಷರಲ್ಲೇ ಬೆಳೆಯಿತು. ನಿಜಕ್ಕೆ ಅದು ಮನೆಯ ಮಾತಿನ ‘ನೀನು’. ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸರು ದೇವರನ್ನು ಏಕವಚನದಲ್ಲಿ ಕರೆದದ್ದನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದರ ಸಲಿಗೆ ಇಂಗ್ಲಿಷರಿಗಿಂತ ಚೆನ್ನಾಗಿ ಅರ್ಥವಾದೀತು.

ಸಮಾನತೆಯ ದಾರಿ ಎಲ್ಲೆಡೆ ಒಂದೇ ದಿಕ್ಕಿಗೆ ಹೋಗಲಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಎಲ್ಲ ನಾಗರಿಕರೂ ಪರಸ್ಪರ ‘ತು’ ಎನ್ನಬೇಕೆಂಬ ಚಳವಳಿ ನಡೆಯಿತು. ಅದು ಹೆಚ್ಚು ಕಾಲ ಬಾಳಲಿಲ್ಲ. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಎಲ್ಲರನ್ನೂ ಏಕವಚನದ ‘ದು’ ಎಂದೇ ಕರೆಯುವ ರೂಢಿ ಬಲವಾಗಿ ಹಬ್ಬಿ ಉಳಿದುಕೊಂಡಿತು. ಸ್ವೀಡನ್ ಎಲ್ಲರನ್ನೂ ‘ನೀನು’ ಮಾಡಿತು, ಇಂಗ್ಲೆಂಡ್ ಎಲ್ಲರನ್ನೂ ‘ನೀವು’ ಮಾಡಿತು.

ಹಾಗೆಂದು ಇಂಗ್ಲಿಷಿನಲ್ಲಿ ಮೇಲು ಕೀಳು ಅಳಿದುಹೋಯಿತೆಂದಲ್ಲ. ಅದು ಸರ್ವನಾಮವನ್ನು ಬಿಟ್ಟು ‘ಸರ್’, ‘ಮೇಡಂ’, ‘ಪ್ಲೀಸ್’ಗಳಲ್ಲಿ, ಹೆಸರು ಹಿಡಿದು ಕರೆಯುವ ಬಗೆಯಲ್ಲಿ, ದನಿಯ ಏರಿಳಿತದಲ್ಲಿ ಸೇರಿಕೊಂಡಿತು. ಕನ್ನಡದಲ್ಲಿ ಅದು ಇನ್ನೂ ಸರ್ವನಾಮದಲ್ಲೇ ಇದೆ. ಅನೇಕ ಮನೆಗಳಲ್ಲಿ ಅಪ್ಪ ‘ನೀವು’, ಅಮ್ಮ ‘ನೀನು’. ಅದು ಅಮ್ಮನ ಮೇಲಿನ ಸಲಿಗೆಯೋ, ಅವಳಿಗೆ ಮನೆಯಲ್ಲಿ ಕೊಟ್ಟ ಸ್ಥಾನವೋ ಎಂಬ ಪ್ರಶ್ನೆಗೆ ಆ ಮನೆಯವರೇ ಉತ್ತರ ಹುಡುಕಬೇಕು.

ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಪರಿಚಯವಿಲ್ಲದ ಹೆಣ್ಣು ಗಂಡು ಮೊದಲ ಪುಟದಲ್ಲಿ ಭೇಟಿಯಾಗಿ ಕೊನೆಯ ಪುಟದಲ್ಲಿ ಮದುವೆಯಾದರೂ ಮೂಲದಲ್ಲಿ ಅವರದು ಉದ್ದಕ್ಕೂ ‘ಯೂ’. ಯಾವ ಪುಟದಲ್ಲಿ ‘ನೀವು’ ಹೋಗಿ ‘ನೀನು’ ಬರಬೇಕು, ಮೊದಲು ಯಾರ ಬಾಯಲ್ಲಿ ಬರಬೇಕು ಎಂಬುದನ್ನು ಅನುವಾದಕರೇ ತೀರ್ಮಾನಿಸಬೇಕಾಗುತ್ತದೆ.