ಗುತ್ತಿನ ಮನೆಯ ಮೂಲದಾಳು

ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕ. ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್‌ನಲ್ಲಿ ರಾಯಲ್ ಮನೆತನದ ಬಂಗಲೆಯ ಜೊತೆಗೇ ಅದರ ಗುಲಾಮರು ವಾಸಿಸಿದ ಕಟ್ಟಡವನ್ನೂ ಕಾಪಾಡಿ ಜನರಿಗೆ ತೋರಿಸುತ್ತಾರೆ. ನಮ್ಮ ನಾಡಿನಲ್ಲಿ ಇಂಥದು ಇರಲಿಲ್ಲವೇ? ಇತ್ತು.

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೆನರಾ ಸೀಮೆ ಇಂಗ್ಲಿಷರ ಕೈಸೇರಿತು. 1801ರಲ್ಲಿ ಅಲ್ಲಿ ಸಂಚರಿಸಿದ ಡಾ. ಫ್ರಾನ್ಸಿಸ್ ಬುಕಾನನ್, ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸ್ಥಿತಿಯನ್ನು ಬರೆದಿಟ್ಟಿದ್ದಾರೆ. ಇವರೇ ಮೂಲದಾಳುಗಳು. ಬಹುಪಾಲು ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳವರು. ಹುಟ್ಟಿನಿಂದಲೇ ಒಡೆಯನ ಸೊತ್ತು. ಅವರನ್ನು ಮಾರಬಹುದಿತ್ತು, ಅಡವಿಡಬಹುದಿತ್ತು. ಕೂಲಿಯೆಂದರೆ ದಿನದ ಧಾನ್ಯ, ವರ್ಷಕ್ಕೊಂದಿಷ್ಟು ಬಟ್ಟೆ. ಅವರು ಮುಟ್ಟಿದರೆ ಮೈಲಿಗೆ. ಅವರು ಬೆಳೆದ ಭತ್ತ ಮಾತ್ರ ನಡುಮನೆಯ ಕಣಜಕ್ಕೆ ಸೇರುತ್ತಿತ್ತು.

1843ರ 5ನೇ ಕಾಯಿದೆಯಂತೆ ಮನುಷ್ಯನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡುವಂತಿರಲಿಲ್ಲ. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಗುಲಾಮರ ಕ್ರಯವಿಕ್ರಯವನ್ನು ಅಪರಾಧವಾಗಿಸಿತು. ಆದರೆ ಮೂಲದಾಳು ಹೋಗುವುದಾದರೂ ಎಲ್ಲಿಗೆ? ನೆಲವಿಲ್ಲ, ಗುಡಿಸಲೂ ಧಣಿಯ ಜಾಗದಲ್ಲಿ. ಮದುವೆಗೆಂದು ಎತ್ತಿದ ಸಾಲಕ್ಕಾಗಿ ದುಡಿದ. ತೀರದೆ ಉಳಿದದ್ದು ಮಗನ ತಲೆಗೆ ಬಂತು. ಒಡೆತನದ ಹಗ್ಗ ಹೋಗಿ ಸಾಲದ ಹಗ್ಗ ಬಂದಿತು.

ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯಲ್ಲಿ ಚಿತ್ರಿಸಿದ್ದು ಈ ಹಗ್ಗವನ್ನೇ. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ಚೋಮನಂಥವರಿಗೆ ಗೇಣಿಯ ನೆಲವೂ ಇರಲಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಆ ಕಾದಂಬರಿಯನ್ನು ಚಲನಚಿತ್ರವಾಗಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯೂ 1976ರಲ್ಲಿ ಕಾಯಿದೆಯೂ ಬಂದು ಜೀತವನ್ನಷ್ಟೇ ಅಲ್ಲ, ಜೀತದ ಸಾಲವನ್ನೂ ರದ್ದುಪಡಿಸಿದವು.

ಕಾಯಿದೆ ಬಂದೊಡನೆ ಹಗ್ಗ ಕಡಿಯಿತೇ? ನಾವೀಗ ನೆಲೆಸಿರುವ ಗ್ರೇಟರ್ ನೋಯ್ಡಾದಿಂದ ಯಮುನೆ ದಾಟಿದರೆ ಫರೀದಾಬಾದ್ ಜಿಲ್ಲೆ. ಅಲ್ಲಿನ ಕಲ್ಲುಗಣಿಗಳ ಜೀತದಾಳುಗಳನ್ನು ಗುರುತಿಸಿ ಬಿಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 1983ರಲ್ಲಿ ಆದೇಶಿಸಬೇಕಾಯಿತು.

ಬೇಸಿಗೆ ರಜೆಯಲ್ಲಿ ನಾವು ಮಕ್ಕಳನ್ನು ಊರಿಗೆ ಕರೆದೊಯ್ದು ಹಳೆಯ ಮನೆಗಳ ಚಾವಡಿ, ಕೆತ್ತನೆಯ ಕಂಬಗಳನ್ನು ಹೆಮ್ಮೆಯಿಂದ ತೋರಿಸುತ್ತೇವೆ. ನಮ್ಮ ಅಜ್ಜನ ಮನೆಯಲ್ಲಿಯೂ ಅಂಗಳದಾಚೆ ನಿಂತು ಗಂಜಿ ಪಡೆದು ದುಡಿದವರಿದ್ದರಂತೆ. ಅವರ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಸಲ ಊರಿಗೆ ಹೋದಾಗ, ಬಲ್ಲ ಹಿರಿಯರು ಇರುವಾಗಲೇ, ಮಕ್ಕಳ ಎದುರಿನಲ್ಲಿ ಕೇಳಿ ಬರೆದುಕೊಳ್ಳಬೇಕೆಂದಿದ್ದೇವೆ. ವಾಚಕರೂ ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಲಿ.