ಕೊಳ್ಳೇಗಾಲದ ಮತ ಮದ್ರಾಸಿಗೆ

ಈ ನಕ್ಷೆ ಕಾಗದದ ಮೇಲೆ ಅಚ್ಚಾದದ್ದು, ಬ್ರಿಟಿಷರ ಕಾಲದ ಸರ್ವೆ ಆಫ್ ಇಂಡಿಯಾ ಪರಂಪರೆಯದು. ಆಡಳಿತಕ್ಕೆಂದು ಬರೆದ ಇಂಥ ಗಡಿಗಳೇ ಯಾರು ಯಾವ ಸಭೆಗೆ ಮತ ಹಾಕಬೇಕೆಂಬುದನ್ನೂ ನಿರ್ಧರಿಸಿದವು.

ಕೊಳ್ಳೇಗಾಲವನ್ನೂ ಯಳಂದೂರನ್ನೂ ಬೇರ್ಪಡಿಸುವ ಗೆರೆಯನ್ನು ಗಮನಿಸಿ. ಹನೂರು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದ್ದು. ಎರಡೂ ಕಡೆ ಕನ್ನಡವೇ. ಸಭೆಗಳು ಮಾತ್ರ ಬೇರೆ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಆರಂಭವಾಗಿತ್ತು.

ಮದ್ರಾಸ್ ಶಾಸನ ಪರಿಷತ್ತಿಗೆ 1920ರಲ್ಲಿ ಚುನಾವಣೆ ನಡೆದಾಗ ಪ್ರಾಂತ್ಯದ ಸುಮಾರು 4 ಕೋಟಿ ಜನರಲ್ಲಿ ಮತದ ಹಕ್ಕಿದ್ದದ್ದು ಸುಮಾರು 12.5 ಲಕ್ಷ ಮಂದಿಗೆ. ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು. ಭೂಮಿಯಿಲ್ಲದ ಕೂಲಿಯವರ ಹೆಸರು ಪಟ್ಟಿಗೆ ಬರುವುದು ದುರ್ಲಭ.

1937ರ ಫೆಬ್ರುವರಿಯ ವಿಧಾನಸಭಾ ಚುನಾವಣೆಗೆ ಹಕ್ಕು ಕೊಂಚ ವಿಸ್ತರಿಸಿತು, ಎಲ್ಲರಿಗೂ ಸಿಗಲಿಲ್ಲ. ಓದು ಬಾರದವರಿಗಾಗಿ ಬಣ್ಣದ ಮತಪೆಟ್ಟಿಗೆಗಳಿದ್ದವು, ಕಾಂಗ್ರೆಸ್ಸಿನದು ಹಳದಿ. 215 ಸ್ಥಾನಗಳಲ್ಲಿ 159 ಆ ಪಕ್ಷಕ್ಕೆ ದಕ್ಕಿ, ರಾಜಾಜಿ ಪ್ರಾಂತ್ಯದ ಪ್ರಧಾನಿಯಾದರು.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.